ಕೆರೆಯ ಕಾಣದ ಬಳಗ

ಒಂದು ಗಾಜಿನ ಲೋಟದಲ್ಲಿ ಕೆರೆ ನೀರು ತನ್ನಿ. ಬಿಸಿಲಿಗೆ ಹಿಡಿಯಿರಿ. ಕಣ್ಣಿಟ್ಟು ನೋಡಿ. ಬಿಳಿ ಚುಕ್ಕಿಗಳು ಕುಪ್ಪಳಿಸುತ್ತಾ ಇರುತ್ತವೆ. ಅದು ಕಸ ಅಲ್ಲ. ಅವು ಜೀವಂತ ಪ್ರಾಣಿಗಳು. ರಾಗಿ ಕಾಳಿನಷ್ಟು, ಇಲ್ಲವೇ ಇನ್ನೂ ಚಿಕ್ಕವು. ಕೆಲವು ಕಣ್ಣಿಗೇ ಕಾಣುವುದಿಲ್ಲ.

ಇವುಗಳಿಗೆ ಪ್ರಾಣಿ ಪ್ಲವಕ ಎಂದು ಹೆಸರು. ಪ್ಲವಕ ಎಂದರೆ ನೀರಿನಲ್ಲಿ ತೇಲುವ ಜೀವಿ.

“ಅಕ್ಕಾ, ಇವಕ್ಕೆ ಹೊಲ ಇಲ್ಲ, ಒಲೆ ಇಲ್ಲ. ಊಟ ಎಲ್ಲಿಂದ ಬರ್ತದೆ?” ಎಂದು ನೀವು ಕೇಳಬಹುದು. ಬನ್ನಿ, ತಿಳಿಯೋಣ.

ಇವುಗಳ ಊಟ ಏನು?

1. ಪಾಚಿ: ಇದೇ ಮುಖ್ಯ ಊಟ. ನೀರಿನಲ್ಲಿ ಹಸಿರು ಪುಡಿಯಂತೆ ತೇಲುವ ಸಣ್ಣ ಪಾಚಿ ಇದೆ. ಅದು ಬಿಸಿಲಿನಲ್ಲಿ ಬೆಳೆಯುತ್ತದೆ.

2. ಕೊಳೆತ ಎಲೆ: ದಡದ ಮರದ ಎಲೆ ನೀರಿಗೆ ಬೀಳುತ್ತದೆ. ಮಳೆ ನೀರು ಹುಲ್ಲು, ಸಗಣಿ ಹೊತ್ತು ತರುತ್ತದೆ. ಅವು ಕೊಳೆತು ಪುಡಿಯಾಗುತ್ತವೆ. ಆ ಪುಡಿಯೂ ಊಟವೇ.

3. ಬ್ಯಾಕ್ಟೀರಿಯಾ: ಎಲೆಯನ್ನು ಕೊಳೆಸುವುದು ಈ ಸೂಕ್ಷ್ಮ ಜೀವಿಗಳೇ. ಅವನ್ನೂ ಪ್ಲವಕಗಳು ತಿನ್ನುತ್ತವೆ.

4. ತಮಗಿಂತ ಚಿಕ್ಕ ಪ್ರಾಣಿಗಳು: ಸೈಕ್ಲಾಪ್ಸ್ ಎಂಬ ಒಂಟಿಕಣ್ಣಿನ ಪ್ರಾಣಿ ಇವನ್ನು ಹಿಡಿದು ತಿನ್ನುತ್ತದೆ.

ನೀರಿನ ಚಿಗಟ ಎಂಬ ಪ್ರಾಣಿ ಊಟ ಮಾಡುವ ರೀತಿ ನೋಡಿ. ಅದರ ಕಾಲುಗಳಲ್ಲಿ ಸಣ್ಣ ಕೂದಲು ಇವೆ. ನಾವು ಜರಡಿಯಲ್ಲಿ ಹಿಟ್ಟು ಸೋಸುತ್ತೇವೆ ಅಲ್ವಾ? ಹಾಗೆ ಅದು ನೀರು ಸೋಸಿ ಪಾಚಿ ತಿನ್ನುತ್ತದೆ. ಹಗಲು ಮೀನಿನ ಭಯ. ಆದ್ದರಿಂದ ಆಳದ ಕೆರೆಗಳಲ್ಲಿ ಕೆಳಗೆ ಅಡಗಿರುತ್ತದೆ. ರಾತ್ರಿ ಮೇಲೆ ಬಂದು ಮೇಯುತ್ತದೆ.

ಇದರಿಂದ ನಮಗೇನು?

ಮೀನುಮರಿಗೆ ಪ್ಲವಕವೇ ಊಟ. ಕಾಟ್ಲಾ ಮೀನು ದೊಡ್ಡದಾದ ಮೇಲೂ ಇದನ್ನೇ ಹೆಚ್ಚು ತಿನ್ನುತ್ತದೆ. ಪಾಚಿಯನ್ನು ಪ್ಲವಕ ತಿಂದರೆ, ಪ್ಲವಕವನ್ನು ಮೀನು ತಿನ್ನುತ್ತದೆ. ಮೀನು ನಮ್ಮ ತಟ್ಟೆಗೆ ಬರುತ್ತದೆ. ಇದು ಒಂದು ಸರಪಳಿ. ಒಂದು ಕೊಂಡಿ ಕಳಚಿದರೆ ಎಲ್ಲವೂ ಕೆಡುತ್ತದೆ.

“ಹಾಗಾದ್ರೆ ಪಾಚಿ ಜಾಸ್ತಿ ಇದ್ರೆ ಒಳ್ಳೇದಲ್ವಾ?” ಅಲ್ಲ. ಚರಂಡಿ ನೀರು, ಸೋಪಿನ ಪುಡಿಯ ನೀರು, ಹೊಲದ ಗೊಬ್ಬರ ಕೆರೆಗೆ ಸೇರಿದರೆ ನೀಲಿ-ಹಸಿರು ಪಾಚಿ ಕೆನೆಯಂತೆ ಕಟ್ಟುತ್ತದೆ. ಅದು ಪ್ಲವಕಕ್ಕೆ ಒಳ್ಳೆಯ ಊಟವಲ್ಲ. ಅದರಲ್ಲಿ ಕೆಲವು ಜಾತಿ ವಿಷ. ಅದು ಸತ್ತು ಕೊಳೆತಾಗ ನೀರಿನ ಉಸಿರುಗಾಳಿ ಮುಗಿಯುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಆ ಕೆರೆಗೆ ಚರಂಡಿ ನೀರು ಸೇರುತ್ತಿತ್ತು.

ಕುಡಿಯುವ ನೀರು ಜೋಪಾನ

ಸೈಕ್ಲಾಪ್ಸ್ ನಾರು ಹುಳುವಿನ ಮರಿಯನ್ನೂ ತಿನ್ನುತ್ತಿತ್ತು. ಆ ನೀರು ಕುಡಿದವರಿಗೆ ನಾರುಹುಣ್ಣು ಆಗುತ್ತಿತ್ತು. ಕಾಲಿನಿಂದ ಉದ್ದನೆಯ ಹುಳು ಹೊರಬರುತ್ತಿತ್ತು. ಕರ್ನಾಟಕದಲ್ಲೂ ಈ ರೋಗ ಇತ್ತು. ಜನ ಬಟ್ಟೆಯಲ್ಲಿ ನೀರು ಸೋಸಿ ಕುಡಿದರು. ಮೆಟ್ಟಿಲು ಬಾವಿಗೆ ಇಳಿಯುವುದನ್ನು ಬಿಟ್ಟರು. ಕೊಳವೆ ಬಾವಿ ಬಂದವು. 1996ರ ನಂತರ ಭಾರತದಲ್ಲಿ ಈ ರೋಗ ಕಾಣಲಿಲ್ಲ. 2000ದಲ್ಲಿ ನಮ್ಮ ದೇಶ ಈ ರೋಗದಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನೀರು ಸೋಸಿದ ಹೆಂಗಸರ ಕೈಗೂ ಈ ಗೆಲುವಿನಲ್ಲಿ ಪಾಲಿದೆ.

ಸೋಸಿದರೆ ಮಾತ್ರ ಸಾಲದು. ಬೇರೆ ರೋಗಾಣು ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಕೆರೆ ನೀರನ್ನು ಸೋಸಿ, ಕುದಿಸಿ, ಆರಿಸಿ ಕುಡಿಯಿರಿ. ಆದರೆ ಪಾಚಿಯ ವಿಷ ಕುದಿಸಿದರೂ ಹೋಗುವುದಿಲ್ಲ. ಕೆನೆ ಕಟ್ಟಿದ ನೀರು ಬೇಡವೇ ಬೇಡ.

ನಾವು ಮಾಡಬಹುದಾದದ್ದು

ಬಟ್ಟೆ, ಪಾತ್ರೆಯನ್ನು ಕೆರೆಯಿಂದ ದೂರ ತೊಳೆಯೋಣ. ಔಷಧಿ ಹೊಡೆಯುವ ಡಬ್ಬವನ್ನು ಕೆರೆಯಲ್ಲಿ ತೊಳೆಯಲು ಬಿಡಬಾರದು. ಆ ವಿಷಕ್ಕೆ ಪ್ಲವಕ ಬೇಗ ಸಾಯುತ್ತದೆ. ಚರಂಡಿ ಕೆರೆಗೆ ಸೇರುತ್ತಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ.

ಓದಿ, ಉತ್ತರ ಬರೆಯಿರಿ

1. ಪ್ರಾಣಿ ಪ್ಲವಕದ ಮುಖ್ಯ ಊಟ ಯಾವುದು?
2. ನೀರಿನ ಚಿಗಟ ಹೇಗೆ ಊಟ ಮಾಡುತ್ತದೆ?
3. ಬಿಟ್ಟ ಜಾಗ ತುಂಬಿರಿ: ಪಾಚಿ – ______ – ಮೀನು – ಮನುಷ್ಯ.
4. ನಿಮ್ಮ ಊರಿನ ಕೆರೆಗೆ ಏನೇನು ಸೇರುತ್ತದೆ? ಎಲ್ಲರೂ ಕೂಡಿ ಮಾತಾಡಿ.