ಆಯ್ಕೆಯ ಹೊಣೆ ಯಾರದು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸ್ ಜರ್ಮನಿಯ ವಶದಲ್ಲಿತ್ತು. ಆಗ ವಿದ್ಯಾರ್ಥಿಯೊಬ್ಬ ತತ್ವಜ್ಞಾನಿ ಜೀನ್ ಪಾಲ್ ಸಾರ್ತ್ರೆಯ ಬಳಿಗೆ ಸಲಹೆ ಕೇಳಲು ಬಂದ. ಅವನ ಅಣ್ಣ 1940ರಲ್ಲಿ ಜರ್ಮನರ ದಾಳಿಗೆ ಬಲಿಯಾಗಿದ್ದ. ತಾಯಿಗೆ ಉಳಿದಿದ್ದ ಆಸರೆ ಇವನೊಬ್ಬನೇ. ಇಂಗ್ಲೆಂಡಿಗೆ ಹೋಗಿ ಸ್ವತಂತ್ರ ಫ್ರೆಂಚ್ ಸೇನೆಯನ್ನು ಸೇರಬೇಕೇ, ತಾಯಿಯ ಬಳಿಯೇ ಉಳಿಯಬೇಕೇ? ನೀನು ಸ್ವತಂತ್ರನು, ನೀನೇ ಆರಿಸಿಕೊಳ್ಳಬೇಕು ಎಂಬುದಷ್ಟೇ ಸಾರ್ತ್ರೆಯ ಉತ್ತರವಾಗಿತ್ತು. 1945ರಲ್ಲಿ ಪ್ಯಾರಿಸ್ಸಿನಲ್ಲಿ ನೀಡಿದ ಉಪನ್ಯಾಸದಲ್ಲಿ ಆತ ಈ ಪ್ರಸಂಗವನ್ನು ವಿವರಿಸಿದ್ದಾನೆ.

ಇದು ನುಣುಚಿಕೊಳ್ಳುವ ಉತ್ತರವೆಂದು ನಿಮಗೆ ತೋರಬಹುದು. ಆದರೆ ಅಸ್ತಿತ್ವವಾದದ ತಿರುಳು ಇದರಲ್ಲಿಯೇ ಇದೆ. ಕಾಗದ ಕತ್ತರಿಸುವ ಚೂರಿಯನ್ನು ತಯಾರಿಸುವವನಿಗೆ ಅದರ ಉದ್ದೇಶ ಮೊದಲೇ ತಿಳಿದಿರುತ್ತದೆ. ಮನುಷ್ಯ ಹಾಗಲ್ಲ, ಅವನು ಮೊದಲು ಅಸ್ತಿತ್ವಕ್ಕೆ ಬರುತ್ತಾನೆ, ಬಳಿಕ ತನ್ನ ಆಯ್ಕೆಗಳಿಂದ ತನ್ನನ್ನು ರೂಪಿಸಿಕೊಳ್ಳುತ್ತಾನೆ ಎಂಬುದು ಸಾರ್ತ್ರೆಯ ವಾದ. ಆದ್ದರಿಂದ ‘ನನಗೆ ಬೇರೆ ದಾರಿಯೇ ಇರಲಿಲ್ಲ’ ಎನ್ನುವುದು ಆತನ ದೃಷ್ಟಿಯಲ್ಲಿ ಆತ್ಮವಂಚನೆ. ಸಲಹೆಗಾಗಿ ಪಾದ್ರಿಯ ಬಳಿಗೆ ಹೋದರೂ, ಯಾವ ಪಾದ್ರಿಯ ಬಳಿಗೆ ಎಂಬುದನ್ನು ಆರಿಸಿದವನು ಹೋದವನೇ. ಶತ್ರುವಿನೊಡನೆ ಕೈಜೋಡಿಸಿದ ಪಾದ್ರಿಗಳೂ ಇದ್ದರು, ಎದುರಿಸಿದವರೂ ಇದ್ದರು.

ಸಾರ್ತ್ರೆ ದೇವನನ್ನು ನಿರಾಕರಿಸಿದವನು. ಅಸ್ತಿತ್ವವಾದಿಗಳೆಲ್ಲರೂ ನಾಸ್ತಿಕರಲ್ಲ, ಈ ಚಿಂತನೆಯ ಮೂಲಪುರುಷನೆನಿಸಿದ ಡೆನ್ಮಾರ್ಕಿನ ಕೀರ್ಕೆಗಾರ್ಡ್ (1813–1855) ಕ್ರೈಸ್ತ ವಿಶ್ವಾಸಿಯಾಗಿದ್ದನು. ಒಳಿತು ಕೆಡುಕುಗಳ ಅಳತೆಗೋಲನ್ನು ಮನುಷ್ಯನೇ ಸೃಷ್ಟಿಸುತ್ತಾನೆಂಬ ಸಾರ್ತ್ರೆಯ ಮಾತನ್ನು ಸತ್ಯವಿಶ್ವಾಸಿಯು ಒಪ್ಪಲಾರ. ಅಳತೆಗೋಲು ಅವರವರದೇ ಆದರೆ, ದಬ್ಬಾಳಿಕೆ ನಡೆಸಿದವನಿಗೆ ‘ನೀನು ಮಾಡಿದ್ದು ತಪ್ಪು’ ಎಂದು ಯಾವ ಆಧಾರದಿಂದ ಹೇಳುವುದು?

ಆದರೂ ಹೊಣೆಗಾರಿಕೆಯ ಕುರಿತ ಆತನ ಪ್ರಶ್ನೆ ನಮ್ಮನ್ನು ತಟ್ಟಲೇಬೇಕು. ‘ವರದಕ್ಷಿಣೆಯ ಮಾತೆಲ್ಲ ಹಿರಿಯರದ್ದು, ನನಗೇನೂ ಗೊತ್ತಿಲ್ಲ’ ಎನ್ನುವ ಮದುಮಗ ಮೌನವನ್ನು ಆರಿಸಿಕೊಂಡಿದ್ದಾನೆ. ಆ ಹಣಕ್ಕಾಗಿ ಹೆಣ್ಣಿನ ತಂದೆ ಸಾಲದಲ್ಲಿ ಮುಳುಗಿದರೆ ಅದರಲ್ಲಿ ಅವನ ಪಾಲೂ ಇದೆ. ತನಗೆ ಬೇಕಾದ ಉತ್ತರ ಸಿಗುವ ತನಕ ಒಬ್ಬ ಮೌಲವಿಯಿಂದ ಮತ್ತೊಬ್ಬರ ಬಳಿಗೆ ಅಲೆಯುವವನು ಫತ್ವಾ ಕೇಳುತ್ತಿಲ್ಲ, ತನ್ನ ಆಸೆಗೆ ಸಾಕ್ಷಿ ಹುಡುಕುತ್ತಿದ್ದಾನೆ.

ಅಳತೆಗೋಲು ದೇವನದ್ದಾದರೂ ಅದರಂತೆ ನಡೆಯುವ ನಿರ್ಧಾರ ನಮ್ಮದು. ತಾನೊಬ್ಬನೇ ಎಂದು ಭಾವಿಸಿದವನಿಗೇ ನೆಪ ಸಲ್ಲದಿದ್ದರೆ, ಪರಲೋಕದ ವಿಚಾರಣೆಯಲ್ಲಿ ವಿಶ್ವಾಸವಿಟ್ಟ ನಮಗೆ ಅದು ಹೇಗೆ ಸಲ್ಲುತ್ತದೆ? ‘ಎಲ್ಲರೂ ಹಾಗೆಯೇ ಮಾಡುತ್ತಾರೆ’ ಎಂಬ ಮಾತು ಇನ್ನೊಮ್ಮೆ ನಾಲಗೆಯ ತುದಿಗೆ ಬಂದಾಗ ನೀವೇ ಯೋಚಿಸಿ ನೋಡಿ.