ಬೂತಾಯಿ: ಕಿರುಮೀನಿನ ಏರಿಳಿತ ಮತ್ತು ಉದ್ಯಮದ ಬಂಡವಾಳ

ಮಂಗಳೂರಿನ ಬೂತಾಯಿ, ಕುಂದಾಪುರದ ಬೈಗೆ, ಕಾರವಾರದ ತಾರ್ಲೆ, ಕೇರಳದ ಮತ್ತಿ – ಹೆಸರು ಬೇರೆಯಾದರೂ ಮೀನು ಒಂದೇ. ಪ್ರಾಣಿಶಾಸ್ತ್ರದಲ್ಲಿ ಇದು ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಸಾಮಾನ್ಯವಾಗಿ ಗೇಣುದ್ದ ಮೀರದ, ಎರಡೂವರೆ ವರ್ಷಕ್ಕಿಂತ ಹೆಚ್ಚು ಬಾಳುವುದು ವಿರಳವಾದ ಈ ಮೀನನ್ನು ನೆಚ್ಚಿ ಪಶ್ಚಿಮ ಕರಾವಳಿಯ ಅನೇಕ ಮಂಜುಗಡ್ಡೆ ಕಾರ್ಖಾನೆಗಳು, ಮೀನುಪುಡಿ ಹಾಗೂ ಮೀನೆಣ್ಣೆ ಘಟಕಗಳು ನಡೆಯುತ್ತಿವೆ.

ನೈಋತ್ಯ ಮುಂಗಾರಿನಲ್ಲಿ ಕಡಲಾಳದ ತಂಪು ನೀರು ಮೇಲೆದ್ದು ಪೋಷಕಾಂಶಗಳನ್ನು ತರುತ್ತದೆ. ಸೂಕ್ಷ್ಮ ಸಸ್ಯಪ್ಲವಕಗಳು ಹೇರಳವಾಗಿ ಬೆಳೆಯುತ್ತವೆ. ಅವೇ ಬೂತಾಯಿಯ ಆಹಾರ. ಮೊಟ್ಟೆಯಿಡುವ ಮುಖ್ಯ ಕಾಲವೂ ಇದೇ. ಮಳೆ ಇಳಿದ ಮೇಲೆ ಮೇದು ಕೊಬ್ಬಿದ ಮೀನಿನಲ್ಲಿ ಎಣ್ಣೆ ಹೆಚ್ಚು, ಮೊಟ್ಟೆಯಿಟ್ಟು ಬಡಕಲಾದುದರಲ್ಲಿ ಕಡಿಮೆ. ಆದುದರಿಂದ ಎರಡನ್ನೂ ಒಂದೇ ದರಕ್ಕೆ ಕೊಳ್ಳುವ ಎಣ್ಣೆ ತಯಾರಕನಿಗೆ ನಷ್ಟ ತಪ್ಪಿದ್ದಲ್ಲ. ಒಂದು ಕಿಲೋ ಮೀನುಪುಡಿಗೆ ಸುಮಾರು ನಾಲ್ಕರಿಂದ ಐದು ಕಿಲೋ ಹಸಿಮೀನು ಬೇಕೆಂಬುದನ್ನೂ ನೆನಪಿಡಬೇಕು.

ಈ ವ್ಯಾಪಾರ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಲಬಾರ್ ಹಾಗೂ ದಕ್ಷಿಣ ಕನ್ನಡ ತೀರದಲ್ಲಿ ಇದರ ಎಣ್ಣೆ ತೆಗೆಯುತ್ತಿದ್ದರು. ಉಳಿದ ಹಿಂಡಿ ತೋಟಗಳಿಗೆ ಗೊಬ್ಬರವಾಗುತ್ತಿತ್ತು. ಕೊರತೆಯೂ ಹೊಸತಲ್ಲ. ಇಳುವರಿ ಕುಸಿದಾಗ ಮದರಾಸು ಸರ್ಕಾರವು 1943ರಲ್ಲಿ ಮರಿಮೀನುಗಳ ಹಿಡಿಯುವಿಕೆಗೆ ನಿರ್ಬಂಧ ಹೇರಿತ್ತು. ಕರ್ನಾಟಕದಲ್ಲಿ 1970ರ ದಶಕದ ನಡುವೆ ಬಂದ ಪರ್ಸೀನ್ ಬಲೆಯು ದಡದ ರಂಪಣಿಯನ್ನು ಬದಿಗೆ ಸರಿಸಿತು. ಹಿಡಿಯುವ ಶಕ್ತಿ ಹೆಚ್ಚಿತೇ ಹೊರತು ಮೀನಿನ ಸ್ವಭಾವ ಬದಲಾಗಲಿಲ್ಲ.

ಅದಕ್ಕೆ ನೆರೆಯ ಕೇರಳದ ಅಂಕಿಗಳೇ ಸಾಕ್ಷಿ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2012ರಲ್ಲಿ ಅಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಕೇವಲ 3,300 ಟನ್‌ನಷ್ಟು. ಕಡಲಿನ ಉಷ್ಣತೆ, ಮಳೆಯ ವ್ಯತ್ಯಾಸ, ಅತಿಯಾದ ಬೇಟೆ ಎಲ್ಲವೂ ಕಾರಣಗಳೇ. ಆದರೆ ಸಾಲದ ಕಂತು ಮೀನಿನ ಬರವನ್ನು ಕಾಯುವುದಿಲ್ಲ. ಸಮೃದ್ಧಿಯ ವರ್ಷದ ರಾಶಿಯನ್ನು ಕಂಡು ಯಂತ್ರದ ಸಾಮರ್ಥ್ಯ ನಿರ್ಧರಿಸುವುದು ಅವಿವೇಕ. ಕ್ಷೀಣ ವರ್ಷದಲ್ಲಿಯೂ ಬಡ್ಡಿ ತೀರುವಷ್ಟಕ್ಕೆ ಘಟಕವನ್ನು ಮಿತಗೊಳಿಸಿ, ಅನ್ಯ ಮೀನುಗಳ ತ್ಯಾಜ್ಯವನ್ನೂ ಸಂಸ್ಕರಿಸುವ ಅನುಕೂಲ ಇಟ್ಟುಕೊಳ್ಳುವುದು ಲೇಸು.

ಮರಿಮೀನಿನ ಖರೀದಿಯಂತೂ ಮುಂದಿನ ವರ್ಷದ ಕಚ್ಚಾಮಾಲನ್ನು ಈ ವರ್ಷವೇ ಅರೆದಂತೆ. ಕೇರಳದಲ್ಲಿ ಬೂತಾಯಿಗೆ 10 ಸೆಂಟಿಮೀಟರ್ ಕನಿಷ್ಠ ಉದ್ದ ಗೊತ್ತುಪಡಿಸಲಾಗಿದೆ. ಕಾರ್ಖಾನೆಯ ಬಾಗಿಲಲ್ಲಿ ತೂಕದ ಜೊತೆ ಅಳತೆಪಟ್ಟಿಯನ್ನೂ ಇರಿಸಿ, ಆ ಉದ್ದವನ್ನು ಖರೀದಿ ಕರಾರಿನಲ್ಲಿಯೇ ನಮೂದಿಸಬಹುದು.