ತೊಗರಿಯ ಹೊಸ ತಳಿಯನ್ನು ರೈತನು ಒಪ್ಪುವುದೇಕೆ?

ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಒಮ್ಮೆ ಚರ್ಚೆ ನಡೆದಾಗ, ಒಣಬೇಸಾಯದ ಸಣ್ಣ ರೈತನು ಹೊಸದೆಂದರೆ ಹಿಂಜರಿಯುವವನು, ಹಳೆಯ ಜಾಡನ್ನು ಬಿಡದವನು ಎಂದು ಗೆಳೆಯರೊಬ್ಬರು ವಾದಿಸಿದರು. ಕಲಬುರಗಿ ಸೀಮೆಯ ಒಕ್ಕಲು ಮನೆತನದಲ್ಲಿ ಹುಟ್ಟಿದ ನನಗೆ ಆ ಮಾತು ಸರಿಯೆನಿಸಲಿಲ್ಲ. ಆದರೆ ಅಂದು ತಕ್ಕ ಉತ್ತರ ಹೊಳೆಯಲಿಲ್ಲ. ಅದನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ನಮ್ಮ ಭಾಗದ ಎರೆಭೂಮಿಗೆ ತೊಗರಿಯೇ ಮುಖ್ಯ ಬೆಳೆ. ಜೂನ್-ಜುಲೈ ತಿಂಗಳಲ್ಲಿ ಬಿತ್ತಿದರೆ ಡಿಸೆಂಬರ್-ಜನವರಿಗೆ ರಾಶಿ. ಮಳೆ ನಿಂತ ಮೇಲೂ ನೆಲದಾಳದ ತೇವವನ್ನು ಹೀರಿ ಬದುಕುವ ಗಿಡವಿದು. ಇದರ ದೊಡ್ಡ ವೈರಿ ನೆಟೆ ರೋಗ. ಮಣ್ಣಿನಲ್ಲಿರುವ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರವು ಬೇರಿನ ಮೂಲಕ ಒಳಹೊಕ್ಕು, ನೀರು ಏರುವ ನಾಳಗಳನ್ನು ಮುಚ್ಚಿಬಿಡುತ್ತದೆ. ಹಿಂದಿನ ಬೆಳೆಯ ಬೇರು-ಕೂಳೆಗಳಲ್ಲಿ ಅದು ವರ್ಷಗಟ್ಟಲೆ ಉಳಿಯುವುದರಿಂದ, ಮೇಲೆ ಔಷಧ ಸಿಂಪಡಿಸಿದರೆ ಫಲವಿಲ್ಲ. ಇದಕ್ಕಿಂತ ಕ್ರೂರವಾದ ಸಂಗತಿಯೆಂದರೆ, ಗಿಡಗಳು ಹೆಚ್ಚಾಗಿ ಒಣಗುವುದು ಹೂವು-ಕಾಯಿ ಬಿಡುವ ಹೊತ್ತಿಗೆ. ಅಂದರೆ ಬೀಜ, ಗೊಬ್ಬರ, ಎಡೆ ಹೊಡೆಸಿದ ಕೂಲಿ ಎಲ್ಲವೂ ಖರ್ಚಾದ ಮೇಲೆ.

ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯು, ಮಹಾರಾಷ್ಟ್ರದ ಒಂದು ನಾಡತಳಿಯಿಂದ ನೆಟೆಗೆ ಜಗ್ಗದ ಸಸ್ಯಗಳನ್ನು ಆರಿಸಿ ಬೆಳೆಸಿತು. ಐ.ಸಿ.ಪಿ. 8863 ಎಂಬ ಈ ತಳಿಯು 1986ರಲ್ಲಿ 'ಮಾರುತಿ' ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಗಿ, ಕೆಲವೇ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಹೊಲಗಳನ್ನು ವ್ಯಾಪಿಸಿತು. ಹಿಂಜರಿಯುವವರೆನಿಸಿದ ರೈತರೇ ಅದನ್ನು ಬಿತ್ತಿದವರು!

ಏಕೆ ಬಿತ್ತಿದಿರಿ ಎಂದು ನಮ್ಮ ದೊಡ್ಡಪ್ಪನವರನ್ನು ಕೇಳಿದೆ. ಇಳುವರಿಯ ಮಾತು ಅವರ ಬಾಯಿಂದ ಬರಲೇ ಇಲ್ಲ. "ಹೂವಿಗೆ ಬಂದ ಬೆಳಿ ಕಣ್ಣ ಮುಂದ ಒಣಗಬಾರದು, ಅಷ್ಟ ಸಾಕು ನೋಡಪ್ಪಾ" ಎಂದರು.

ಇದರ ಅರ್ಥವನ್ನು ಲೆಕ್ಕದಿಂದ ನೋಡಬಹುದು. ಒಂದು ತಳಿ ಒಳ್ಳೆಯ ವರ್ಷ ಎಕರೆಗೆ 6 ಚೀಲ, ಕೆಟ್ಟ ವರ್ಷ 1 ಚೀಲ ಕೊಡುತ್ತದೆಂದಿಟ್ಟುಕೊಳ್ಳೋಣ. ಇನ್ನೊಂದು 4 ಮತ್ತು 3 ಚೀಲ. ಸರಾಸರಿ ಎರಡಕ್ಕೂ ಒಂದೇ. ಕೈಯಲ್ಲಿ ಹಣವಿದ್ದವನಿಗೆ ಎರಡೂ ಸಮ. ಆದರೆ ಆ ಒಂದು ಚೀಲದ ವರ್ಷದಲ್ಲಿ ಸಾಲ ತೀರಿಸಬೇಕಾದವನಿಗೆ, ಮಗಳ ಮದುವೆ ಗೊತ್ತುಮಾಡಿದವನಿಗೆ, ಅವು ಎಂದಿಗೂ ಸಮವಲ್ಲ.

ಎರಡನೆಯ ಕಾರಣ ಬೀಜದ್ದು. ಅಮೆರಿಕದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ್ದನ್ನು ಕುರಿತು ಗ್ರಿಲಿಕಿಸ್ ಎಂಬ ಅರ್ಥಶಾಸ್ತ್ರಜ್ಞರು 1957ರಲ್ಲಿ ಪ್ರಸಿದ್ಧ ಪ್ರಬಂಧ ಬರೆದರು. ಲಾಭ ಹೆಚ್ಚಿದ್ದಲ್ಲಿ ಹೊಸ ಬೀಜ ಬೇಗ ಹರಡುತ್ತದೆಂಬುದು ಅದರ ಸಾರ. ಆದರೆ ಹೈಬ್ರಿಡ್ ಬೀಜವನ್ನು ವರ್ಷ ವರ್ಷವೂ ಕೊಳ್ಳಬೇಕು. ಮಾರುತಿ ಹಾಗಲ್ಲ, ಮನೆಯ ರಾಶಿಯಿಂದಲೇ ಬೀಜ ತೆಗೆದಿಡಬಹುದು. ಎಕರೆಗೆ ನಾಲ್ಕೈದು ಕಿಲೋ ಸಾಕಾಗುವುದರಿಂದ ಅದು ಕೈಯಿಂದ ಕೈಗೆ ಸುಲಭವಾಗಿ ಸಾಗುತ್ತದೆ. ನಮ್ಮ ಮನೆಗೆ ಅದು ಬಂದದ್ದು ಯಾವ ಕಚೇರಿಯಿಂದಲೂ ಅಲ್ಲ, ಸೇಡಂ ಕಡೆಯ ಬೀಗರಿಂದ, ಎರಡು ಸೇರು. ದೊಡ್ಡಪ್ಪನವರು ಅದನ್ನು ನೆಟೆ ಅತಿಯಾಗಿದ್ದ ಹೊಲದ ಮೂಲೆಯಲ್ಲೇ ಬೇಕೆಂದು ಬಿತ್ತಿದರು. ನಮ್ಮ ವಿಜ್ಞಾನ ವಿಭಾಗದವರು ಇದನ್ನು ಪ್ರಯೋಗವೆನ್ನುತ್ತಾರೆ. ದೊಡ್ಡಪ್ಪನವರು ಹೇಳುವುದು, "ನೋಡೂಣು ಅಂತ ಹಾಕಿದ್ದೆ" ಎಂದು.

ಒಪ್ಪಿದಂತೆ ನಿರಾಕರಿಸಿದ್ದೂ ಉಂಟು. 1993ರಲ್ಲಿ ಬಿಡುಗಡೆಯಾದ 'ಆಶಾ' ತಳಿಯು ನೆಟೆಯನ್ನಷ್ಟೇ ಅಲ್ಲದೆ ಗೊಡ್ಡು ರೋಗವನ್ನೂ ತಡೆಯುತ್ತದೆ. ಪುಸ್ತಕದಲ್ಲಿ ನೋಡಿದರೆ ಅದೇ ಮೇಲು. ಆದರೆ ಅದು ಮಾಗಲು ಹೆಚ್ಚು ದಿನ ಬೇಕು. ನಮ್ಮ ಹೊಲದ ಮಣ್ಣಿನ ಆಳ ಕಡಿಮೆ, ಅಷ್ಟು ದಿನ ತೇವ ನಿಲ್ಲದು. ದೊಡ್ಡಪ್ಪನವರು ಬೇಡವೆಂದರು. ಇನ್ನು ದೊಡ್ಡಮ್ಮನವರ ಪರೀಕ್ಷೆ ಬೇರೆ: ಬೇಳೆ ಚೆನ್ನಾಗಿ ಒಡೆಯಬೇಕು, ಬೇಗ ಬೇಯಬೇಕು, ಕಟ್ಟಿಗೆ ಒಲೆಗೆ ಸಾಲಬೇಕು. ಇದರಲ್ಲಿ ಸೋತ ತಳಿ ಎರಡನೆಯ ವರ್ಷ ನಮ್ಮ ಹೊಲ ಕಾಣುವುದಿಲ್ಲ.

ಮನೆಯ ಬೀಜಕ್ಕೆ ಒಂದು ಕೊರತೆಯಿದೆ. ಜೇನ್ನೊಣಗಳು ತೊಗರಿಯ ಹೂವಿನಿಂದ ಹೂವಿಗೆ ಪರಾಗ ಒಯ್ಯುವುದರಿಂದ ಪಕ್ಕದ ಹೊಲದ ತಳಿಯೊಡನೆ ಅದು ಬೆರೆಯುತ್ತದೆ. ಕೆಲವು ವರ್ಷಗಳಲ್ಲಿ ರೋಗ ತಡೆಯುವ ಗುಣ ಸಡಿಲವಾಗುತ್ತದೆ. ಇದನ್ನು ತಿಳಿಸುವವರು ಹಳ್ಳಿಗೆ ಬರುವುದು ಅಪರೂಪ. ರೈತನ ಹಿಂಜರಿಕೆಗಿಂತ ಈ ಕೊರತೆಯೇ ದೊಡ್ಡದೆಂದು ನನ್ನ ಭಾವನೆ.

ಮಾರುತಿಯ ತರುವಾಯ ನಮ್ಮಲ್ಲಿ ಟಿ.ಎಸ್.-3ಆರ್ ಬಂದಿತು. 2022ರಲ್ಲಿ ನೆಟೆ ರೋಗ ಮತ್ತೆ ಕಲಬುರಗಿ ಭಾಗವನ್ನು ಹೊಕ್ಕು ಅಪಾರ ಹಾನಿ ಮಾಡಿತು. ಸರಕಾರ ಪರಿಹಾರ ಕೊಡಬೇಕಾಯಿತು. ನಮ್ಮ ಹೊಲದಲ್ಲೂ ಅರ್ಧ ಬೆಳೆ ನಿಂತಲ್ಲೇ ಒಣಗಿತು. ಮರುವರ್ಷ ದೊಡ್ಡಪ್ಪನವರು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ಜಿ.ಆರ್.ಜಿ.-811 ತಳಿಯ ಬೀಜವನ್ನು ಸ್ವಲ್ಪ ತರಿಸಿ, ಹೊಲದ ಅದೇ ಮೂಲೆಯಲ್ಲಿ ನಾಲ್ಕು ಸಾಲು ಹಾಕಿದರು.